ಬಚ್ಚಲಿಗೆ ಹತ್ತು ಕೊಡ ನೀರು

ಮನೆ ಕೊಳ್ಳಲು ಹೊರಟ ನೆಂಟರು ಇವತ್ತಿಗೂ ನನ್ನನ್ನು ಜೊತೆಗೆ ಕರೆಯುತ್ತಾರೆ. ಅವರು ತಲೆಬಾಗಿಲ ದಿಕ್ಕು, ಬಾವಿ ನೀರಿನ ರುಚಿ, ದೇವರ ಕೋಣೆ ಎಂದು ಸುತ್ತುತ್ತಿದ್ದರೆ ನಾನು ನೆಟ್ಟಗೆ ಬಚ್ಚಲಿಗೆ ಹೋಗುತ್ತೇನೆ. ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ನೀರು ಹೊರಗೆ ಹೋಗುವ ಕಿಂಡಿಯ ಹತ್ತಿರ ಮುಖ ಇಟ್ಟು ವಾಸನೆ ನೋಡುತ್ತೇನೆ. ಮಾರುವವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಈ ವಿದ್ಯೆ ನನಗೆ ಕಲಿಸಿದವನು ತುಮಕೂರಿನ ಒಬ್ಬ ಸಾಹುಕಾರ. ಅವನಿಗೆ ನಾನು ಆರು ವರ್ಷ ಬಿಡದೆ ಗುರುದಕ್ಷಿಣೆ ಸಲ್ಲಿಸಿದೆ.

ನಯಾಪೈಸೆ ಬರುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ನಾನು ಕಡಬದ ಕಡೆಯವನು. ತಲೆಯ ಮೇಲೆ ತೆಂಗಿನ ಹಗ್ಗ ಹೊತ್ತು ಮಾರುವುದರಿಂದ ಶುರುಮಾಡಿ, ಒಂದು ಎತ್ತಿನ ಗಾಡಿ ಮಾಡಿ, ಆಮೇಲೆ ತುಮಕೂರಿನ ಮಂಡಿಪೇಟೆಯಲ್ಲಿ ತೆಂಗಿನಕಾಯಿಗೆ ಒಂದು ಸಣ್ಣ ಮಳಿಗೆ ಹಿಡಿದಿದ್ದೆ. ನನಗೆ ಓದು ಕಡಿಮೆ, ಕಿವಿ ಚುರುಕು. ಒಂದು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಒಳಗೆ ನೀರು ಎಷ್ಟಿದೆ, ತಿರುಳು ಬಲಿತಿದೆಯೋ ಇಲ್ಲವೋ ಹೇಳುತ್ತಿದ್ದೆ. ನೂರು ಕಾಯಿಯಲ್ಲಿ ಎರಡು ಕೊಳೆತದ್ದಿದ್ದರೆ ಆ ಎರಡನ್ನೂ ಎತ್ತಿ ಮಾರುವವನ ಕೈಗೇ ಕೊಡುತ್ತಿದ್ದೆ. ಅಂಥ ನಾನು, ಕಾಯಿ ಅಲ್ಲಾಡಿಸಿ ಕೊಳ್ಳುವ ನಾನು, ಮನೆಯನ್ನು ಅಲ್ಲಾಡಿಸದೆ ಕೊಂಡೆ.

ಮನೆ ಚಿಕ್ಕಪೇಟೆಯ ಕಡೆ ಇತ್ತು. ಮೂಡಲಿಗೆ ಮುಖ, ಮುಂದೆ ರಸ್ತೆ, ಒಳಗೆ ಬೆಳಕಿಂಡಿಯ ನಡುಮನೆ, ಹಿಂದೆ ಪುಟ್ಟ ಹಿತ್ತಿಲು, ಅದರಲ್ಲಿ ಸಿಹಿನೀರಿನ ಬಾವಿ. ಬಾವಿಯ ಪಕ್ಕಕ್ಕೆ, ಅಡುಗೆಮನೆಗೆ ಬಾಗಿಲಿದ್ದು, ಹಿಂದಿನ ಗೋಡೆಗೆ ಒತ್ತಿಕೊಂಡು ಬಚ್ಚಲು. ಗೋಡೆಯಾಚೆ ಒಂದಿಷ್ಟು ಖಾಲಿ ನೆಲ, ಅದರಾಚೆ ಒಂದು ಗಲ್ಲಿ, ಗಲ್ಲಿಯಲ್ಲಿ ಮುನಿಸಿಪಾಲಿಟಿಯ ಚರಂಡಿ. ಮಾರುತ್ತಿದ್ದ ಸಾಹುಕಾರ ಹಳೇ ಮನೆಗಳನ್ನು ಅಗ್ಗಕ್ಕೆ ಹಿಡಿದು, ಸುಣ್ಣ ಬಳಿಸಿ, ನೆಲಕ್ಕೆ ಗಾರೆ ಹಾಕಿಸಿ ಮಾರುವವನು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಪಂಚೆ, ಬಾಯಿ ತುಂಬ ದೇವರು.

ಮನೆ ನೋಡಲು ಹೋದ ದಿನ ಅವನೇ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋದ. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಒಂದು ಚೊಂಬು ನೀರು ತೆಗೆದು ತನ್ನ ಕಾಲಿಗೆ ಸುರಿದುಕೊಂಡ. ನೀರು ಸರ್ರನೆ ಕಿಂಡಿಗೆ ಇಳಿದು ಹೋಯಿತು.

"ನೋಡಪ್ಪಾ, ಹೆಂಗ್ ಓಡ್ತದೆ ನೋಡು. ಹಾವ್ ಹೋದಂಗೆ!" ಅಂದ.

ನಾನು ತಲೆಯಾಡಿಸಿದೆ. ಒಂದು ಚೊಂಬು ನೀರನ್ನು ಯಾವ ಬಚ್ಚಲು ತಾನೇ ಬೇಡ ಅನ್ನುತ್ತದೆ?

ಕ್ರಯಪತ್ರ ಬರೆಸುವಾಗ ಇನ್ನೊಂದು ತಪ್ಪು ಮಾಡಿದೆ. ಪತ್ರ ಬರೆಯುವವರು ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿಗೂ ಯಾರ ಜಾಗ ಎಂಬುದನ್ನು, ಗಟ್ಟಿಯಾಗಿ ಓದಿದರು. ಮೂಡಲಿಗೆ ರಸ್ತೆ. ಬಡಗಲಿಗೆ, ತೆಂಕಲಿಗೆ ಇಂಥಿಂಥವರ ಮನೆ. ಪಡುವಲಿಗೆ, ಮಾರುವವರು ತಮಗಾಗಿ ಉಳಿಸಿಕೊಂಡಿರುವ ಮೂರಡಿ ಜಾಗ. ನನ್ನ ಚುರುಕು ಕಿವಿ ಅದನ್ನು ಕೇಳಿಸಿಕೊಂಡಿತು. ಮೂರಡಿ ತಾನೇ, ಏನೋ ಅಳತೆಯಲ್ಲಿ ಉಳಿದದ್ದಿರಬೇಕು ಅಂದುಕೊಂಡು ಹೆಬ್ಬೆಟ್ಟಿನ ಮಸಿ ಒರೆಸಿಕೊಂಡೆ. ಪತ್ರ ಓದುವಾಗ ನಮ್ಮವರೆಲ್ಲ ಮಾಡುವುದೇ ಹೀಗೆ: ಮದುವೆಯ ಮಂತ್ರ ಕೇಳಿದ ಹಾಗೆ ಕೈ ಕಟ್ಟಿಕೊಂಡು ಕೇಳುತ್ತೇವೆ. ಮಧ್ಯೆ ಬಾಯಿ ಹಾಕುವುದು ಮರ್ಯಾದೆ ಅಲ್ಲ ಎಂದುಕೊಳ್ಳುತ್ತೇವೆ. ಬಾಯಿ ಹಾಕಿ ಸ್ವಾಮಿ. ಒಂದೊಂದು ದಿಕ್ಕಿಗೂ ನಿಲ್ಲಿಸಿ, ಯಾರು, ಎಷ್ಟು, ಯಾಕೆ ಎಂದು ಕೇಳಿ.

ಗೃಹಪ್ರವೇಶಕ್ಕೆ ಕಡಬದಿಂದ ಎರಡು ಗಾಡಿ ಜನ ಬಂದರು. ಬೆಳಗಿನಿಂದ ಹಂಡೆ ಹಂಡೆ ನೀರು ಕಾಯಿತು. ಇಪ್ಪತ್ತು ಜನ ಸ್ನಾನ ಮಾಡುವಷ್ಟರಲ್ಲಿ ಬಚ್ಚಲಲ್ಲಿ ನೀರು ಮೊಣಕಾಲ ತನಕ ನಿಂತಿತ್ತಂತೆ. ಹೆಂಗಸರು ಮಂಗಳ ಕಾರ್ಯದಲ್ಲಿ ಯಾಕೆ ಹೇಳಬೇಕೆಂದು ಸುಮ್ಮನಿದ್ದರು. ನಡುಮನೆಯಲ್ಲಿ ಮೊದಲನೇ ಪಂಕ್ತಿ ಕೂತಿತ್ತು. ಸಾಹುಕಾರನನ್ನು ನಾನೇ ಕೈ ಹಿಡಿದು ತಂದು ಮೊದಲನೇ ಎಲೆಗೆ ಕೂರಿಸಿದ್ದೆ. ಪಾಯಸ ಬಡಿಸುತ್ತಿರುವಾಗ ಬಚ್ಚಲ ಹೊಸ್ತಿಲು ದಾಟಿದ ನೀರು ಅಡುಗೆಮನೆಗೆ ಬಂತು, ಅಡುಗೆಮನೆಯಿಂದ ನಡುಮನೆಗೆ ಬಂತು. ಸೀಗೆಪುಡಿಯ ನೊರೆ, ಎಣ್ಣೆಯ ಜಿಡ್ಡು, ಕೂದಲ ಉಂಡೆ. ಜನ ಎಲೆ ಎತ್ತಿಕೊಂಡು ಎದ್ದರು.

ಸಾಹುಕಾರ ಮಾತ್ರ ಪಾಯಸ ಮುಗಿಸಿಯೇ ಎದ್ದ. ಎದ್ದವನು ಎಲ್ಲರಿಗೂ ಕೇಳುವ ಹಾಗೆ, "ಗಂಗಮ್ಮ ತಾಯಿ ತಾನೇ ತಾನಾಗಿ ಒಳಕ್ ಬಂದವ್ಳೆ. ಇದಕ್ಕಿಂತ ಒಳ್ಳೇ ಶಕುನ ಬೇಕೇನ್ರಪ್ಪಾ?" ಅಂದ.

ಜನ ನಕ್ಕರು. ನನ್ನ ಮಾವನೂ ನಕ್ಕರು. ಈ ಮನೆಗೆಂದು ಮಗಳ ಮೈಮೇಲಿನ ಒಡವೆ ಮಾರಿಸಿದ ಅಳಿಯ ನಾನು. ಅವರ ನಗೆ ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಮಾರನೇ ದಿನ ಬೆಳಗ್ಗೆ ಸಾಹುಕಾರನ ಪಡಸಾಲೆಗೆ ಹೋದೆ. ಅವನು ಉಯ್ಯಾಲೆ ಮಣೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಸಾಹುಕಾರ್ರೇ, ಬಚ್ಚಲ ನೀರು ಹೋಗ್ತಿಲ್ಲ."

"ಹೆಂಗ್ ಹೋಗ್ತದಪ್ಪಾ? ಗೋಡೆಯಾಚೆ ನನ್ ಜಾಗ ಅಲ್ವೇ? ನನ್ ಜಾಗದಾಗೆ ನಿನ್ ನೀರಿಗೇನ್ ಕೆಲ್ಸ?"

"ಮೊದ್ಲು ಹೋಗ್ತಿತ್ತಲ್ಲ!"

"ಮೊದ್ಲು ಮನೇನೂ ನಂದೇ, ಜಾಗಾನೂ ನಂದೇ. ಪತ್ರ ಓದ್ಸಿದ್ನೋ ಇಲ್ವೋ? ಪಡುವಲಿಗೆ ಯಾರ್ ಜಾಗ ಅಂತ ಬರ್ದೈತೆ? ಆ ಮೂರಡಿ ಬೇಕಾದ್ರೆ ಹೇಳು, ಕೊಡೋಣಂತೆ. ಅದು ಬೇರೆ ಯಾಪಾರ."

ಆ ಬೇರೆ ವ್ಯಾಪಾರಕ್ಕೆ ಅವನು ಕೇಳಿದ್ದು ಮನೆಯ ಬೆಲೆಯಲ್ಲಿ ಮೂರನೇ ಒಂದು ಪಾಲು. ಅಲ್ಲಿಗೆ ನನಗೆ ಪೂರ್ತಿ ಗೊತ್ತಾಯಿತು. ಮನೆ ಮಾರುವ ಮುಂಚೆಯೇ ಅವನು ಹಳೇ ಕಾಲುವೆಗೆ ಮಣ್ಣು ತುಂಬಿಸಿ, ಗೋಡೆಯ ಬುಡದಲ್ಲಿ ನಾಲ್ಕೈದು ಕೊಡ ನೀರು ಹಿಡಿಯುವಷ್ಟು ಒಂದು ಗುಣಿ ಬಿಟ್ಟು, ಮೇಲೆ ಚಪ್ಪಡಿ ಮುಚ್ಚಿದ್ದ. ನೋಡಲು ಬಂದವರ ಕೈಕಾಲು ತೊಳೆದ ನೀರು ಆ ಗುಣಿಗೆ ಇಳಿದು ಮಾಯವಾಗುತ್ತಿತ್ತು. ಮನೆ ಮಾರುವುದು ಒಂದು ಲಾಭ, ಬಚ್ಚಲ ನೀರಿಗೆ ದಾರಿ ಮಾರುವುದು ಇನ್ನೊಂದು ಲಾಭ.

ಅಲ್ಲಿಂದ ಹಿಂದಿನ ಗಲ್ಲಿಗೆ ಹೋದೆ. ಚರಂಡಿ ಬಳಿಯುವ ಹೆಂಗಸು ಕೆಲಸ ಮಾಡುತ್ತಿದ್ದಳು. ನನ್ನ ಮನೆಯ ಹಿಂದಿನ ಗೋಡೆ ತೋರಿಸಿ ಕೇಳಿದೆ.

"ನಾಲ್ಕ್ ತಿಂಗ್ಳಾಯ್ತು ಸ್ವಾಮಿ, ಈ ಮನೆಯಿಂದ ಒಂದ್ ತೊಟ್ಟು ನೀರು ಬಂದಿಲ್ಲ. ಮಣ್ ತುಂಬಿದ್ ದಿನ ನಾನೇ ನೋಡಿದೀನಿ. ಅವ್ರ ಇನ್ನೆರಡ್ ಮನೇಗೂ ಇಂಗೇ ಮಾಡವ್ರೆ. ತಗೊಂಡೋರೆಲ್ಲ ದುಡ್ ಕೊಟ್ ಬಿಡಿಸ್ಕಂಡ್ರು."

"ಒಂದ್ ಮಾತು ಮೊದ್ಲೇ ಹೇಳ್ಬಾರ್ದಿತ್ತೇನಮ್ಮ?"

"ನೀವು ಮುಂದ್ಗಡೆ ಬಾಗ್ಲಾಗೆ ಬಂದು ಮುಂದ್ಗಡೆ ಬಾಗ್ಲಾಗೆ ಹೋದ್ರಿ. ನಾನಿರೋದು ಹಿಂದ್ಗಡೆ. ನನ್ನ ಯಾರ್ ಕೇಳಿದ್ರಿ?"

ಮನೆ ಕೊಳ್ಳುವವರಿಗೆ ಹೇಳುತ್ತೇನೆ: ಅಕ್ಕಪಕ್ಕದವರನ್ನು ಕೇಳಬೇಡಿ, ಅವರಿಗೆ ಮಾರುವವನ ದಾಕ್ಷಿಣ್ಯ ಇರುತ್ತದೆ. ಹಿಂದಿನ ಗಲ್ಲಿಯಲ್ಲಿ ಪೊರಕೆ ಹಿಡಿದವರನ್ನು ಕೇಳಿ. ಒಂದು ಊರಿನ ಮನೆಗಳ ಗುಟ್ಟು ಅವರಿಗೆ ಗೊತ್ತಿರುವಷ್ಟು ಪುರೋಹಿತರಿಗೂ ಗೊತ್ತಿರುವುದಿಲ್ಲ.

ವಕೀಲರ ಹತ್ತಿರವೂ ಹೋದೆ. ಅವರು ಪತ್ರವನ್ನು ಎರಡು ಸಲ ಓದಿ, "ಕೇಸು ಹಾಕಿ, ಖಂಡಿತ ಗೆಲ್ತೀರಿ. ಆದರೆ ಆ ಕಿಂಡಿಯಿಂದ ಮೊದಲ ನೀರು ಬಿಡೋದು ನಿಮ್ಮ ಮೊಮ್ಮಗ" ಎಂದರು. ಒಳ್ಳೆಯ ವಕೀಲರು. ಫೀಸು ತೆಗೆದುಕೊಳ್ಳಲಿಲ್ಲ.

ಮುಂದಿನ ರಸ್ತೆಗೆ ಕಾಲುವೆ ತೋಡೋಣವೆಂದರೆ ರಸ್ತೆ ಎತ್ತರ, ಬಚ್ಚಲು ತಗ್ಗು. ಹಿತ್ತಿಲಲ್ಲಿ ಇಂಗುಗುಂಡಿ ತೋಡೋಣವೆಂದರೆ ಪಕ್ಕದಲ್ಲೇ ಬಾವಿ. ಉಳಿದದ್ದು ಒಂದೇ ದಾರಿ. ಬಚ್ಚಲ ಮೂಲೆಯಲ್ಲಿ ನಿಂತ ನೀರನ್ನು ಚೊಂಬಿನಲ್ಲಿ ಬಗೆದು, ಕೊಡಕ್ಕೆ ತುಂಬಿ, ಅಡುಗೆಮನೆ, ನಡುಮನೆ, ಪಡಸಾಲೆ ಎಲ್ಲವನ್ನೂ ದಾಟಿ ಮುಂದಿನ ರಸ್ತೆಯ ಚರಂಡಿಗೆ ಸುರಿಯಬೇಕು. ನಾನು ಬೆಳಕು ಹರಿಯುವ ಮುಂಚೆ ಮಂಡಿಗೆ ಹೋಗುವವನು. ಹೊತ್ತವಳು ನನ್ನಾಕೆ.

ನೆಂಟರು ಬಂದು ನಡುಮನೆಯಲ್ಲಿ ಕೂತಿದ್ದರೆ ಕೊಡ ಸೊಂಟದಲ್ಲಿಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತಿದ್ದಳು. ಎದುರುಮನೆಯಾಕೆ, "ಏನ್ ತಾಯಿ, ಲೋಕದ ಹೆಂಗಸ್ರೆಲ್ಲ ನೀರ್ ಒಳಕ್ ಹೊತ್ರೆ ನೀವು ಹೊರಕ್ ಹೊರ್ತೀರಲ್ಲ!" ಎಂದು ನಗುತ್ತಿದ್ದಳು. ಮೂರನೆಯ ಮಗು ಹೊಟ್ಟೆಯಲ್ಲಿದ್ದಾಗಲೂ ಹೊತ್ತಳು. ಎರಡು ವರ್ಷ ಕಳೆದ ಮೇಲೆ ಒಂದೇ ಒಂದು ಸಲ, "ಕೇಳಿದಷ್ಟು ಕೊಟ್ಟು ಆ ಜಾಗ ತಗೊಂಡ್‌ಬುಡಿ. ನಂಗೂ ಸೊಂಟ ಐತೆ" ಅಂದಳು. ಆಗ ನನ್ನ ಕೈ ಸ್ವಲ್ಪ ಆಡುತ್ತಿತ್ತು. ಕೊಡಬಹುದಾಗಿತ್ತು. ಕೊಡಲಿಲ್ಲ. "ಅವನಿಗೆ ಒಂದ್ ಕಾಸು ಕೊಟ್ರೆ ನಾನು ಗಂಡಸೇ ಅಲ್ಲ" ಅಂದೆ. ಗಂಡಸುತನ ನನ್ನದು, ಕೊಡ ಅವಳದ್ದು. ಇದು ನನಗೆ ಅರ್ಥವಾಗಲು ಇನ್ನೂ ನಾಲ್ಕು ವರ್ಷ ಬೇಕಾಯಿತು.

ಅಷ್ಟರಲ್ಲಿ ಸಾಹುಕಾರ ಗುಬ್ಬಿಯಲ್ಲಿ ಒಂದು ಮನೆ ಮಾರಲು ಹೊರಟಿದ್ದಾನೆ ಎಂಬ ಸುದ್ದಿ ಕಾಯಿ ತರುವ ಗಾಡಿಯವರಿಂದ ನನ್ನ ಕಿವಿಗೆ ಬಿತ್ತು. ಕೊಳ್ಳುವವರು ಅಲ್ಲಿನ ಜವಳಿ ಅಂಗಡಿಯವರು. ಗುಬ್ಬಿಗೆ ಹೇಗೂ ವಾರಕ್ಕೊಂದು ಸಲ ಹೋಗುತ್ತಿದ್ದೆ. ಅಂಗಡಿಗೆ ನುಗ್ಗಿ ಕೂತೆ.

"ಆ ಮನೆ ನೋಡೋಕೆ ನಾನೂ ನಿಮ್ ಜೊತೆ ಬರ್ತೀನಿ. ನಂಗೆ ದಲ್ಲಾಳಿ ದುಡ್ಡು ಬೇಡ, ಕಾಫಿ ಬೇಡ. ಹತ್ತು ಕೊಡ ನೀರು ಕೊಡಿ ಸಾಕು" ಅಂದೆ.

ಅವರು ನನ್ನನ್ನು ಅರೆಹುಚ್ಚ ಅಂದುಕೊಂಡರು. ಆದರೂ ಪುಕ್ಕಟೆ ಸಲಹೆಯನ್ನು ಯಾವ ವ್ಯಾಪಾರಿಯೂ ಬೇಡ ಅನ್ನುವುದಿಲ್ಲ.

ಸಂಚಕಾರದ ಮುಂಗಡ ಕೊಡುವ ದಿನ ಸಾಹುಕಾರನೂ ಬಂದಿದ್ದ. ನನ್ನನ್ನು ನೋಡಿದವನೇ ಮೋರೆ ಬಿಗಿದ. ನಾನು ನೆಟ್ಟಗೆ ಬಚ್ಚಲಿಗೆ ಹೋದೆ. ಬಚ್ಚಲ ಮೂಲೆಯಲ್ಲಿ ಸೌದೆ ಒಟ್ಟಿತ್ತು. ಯಾರೂ ವಾಸವಿಲ್ಲದ ಮನೆಯಲ್ಲಿ ಸೌದೆ ಯಾಕೆ? ಸೌದೆ ಸರಿಸಿದರೆ ಗೋಡೆಯ ಬುಡದಲ್ಲಿ ಹೊಸ ಸುಣ್ಣದ ಅಡಿಯಿಂದ ಉಪ್ಪು ಹೂವಿನ ಹಾಗೆ ಅರಳಿಕೊಂಡಿತ್ತು. ಇದನ್ನೂ ನೆನಪಿಟ್ಟುಕೊಳ್ಳಿ: ಮನೆಗೆಲ್ಲ ಹಳೇ ಸುಣ್ಣವಿದ್ದು ಬಚ್ಚಲಿಗೆ ಮಾತ್ರ ಹೊಸ ಸುಣ್ಣ ಬಿದ್ದಿದ್ದರೆ, ಚಪ್ಪಲಿ ಹಾಕಿಕೊಂಡು ಮನೆಗೆ ಹೊರಡಿ.

ಮೊದಲ ಕೊಡಕ್ಕೆ ಎರಡು ಹಿಡಿ ಕೆಮ್ಮಣ್ಣು ಕದಡಿ ಸುರಿಸಿದೆ. ಜವಳಿ ಅಂಗಡಿಯವರ ತಮ್ಮನನ್ನು ಹಿಂದಿನ ಚರಂಡಿಯ ಹತ್ತಿರ ನಿಲ್ಲಿಸಿ, "ಕೆಂಪು ನೀರು ಬಂದ ಕೂಡ್ಲೆ ಕೂಗು" ಅಂದಿದ್ದೆ. ಎರಡನೇ ಕೊಡ, ಮೂರನೇ ಕೊಡ.

"ಬಂತೇನಪ್ಪೋ?"

"ಇಲ್ಲ ಕಣಣ್ಣೋ!"

ನಾಲ್ಕು, ಐದು.

"ಬಂತಾ?"

"ಇಲ್ಲಿ ನಾಯಿ ಬಂದೈತೆ, ನೀರ್ ಬಂದಿಲ್ಲ!"

ಸಾಹುಕಾರ ಬಾಗಿಲಿಗೆ ಬಂದ. "ಏನಯ್ಯಾ ಇದು ಹುಡುಗಾಟ? ಮನೆ ತಗೊಳ್ಳೋಕ್ ಬಂದಿದೀರೋ, ಭತ್ತದ ಗದ್ದೆಗೆ ನೀರ್ ಕಟ್ತಿದೀರೋ?"

"ನೀವೇ ಹೇಳಿದ್ರಲ್ಲ ಸಾಹುಕಾರ್ರೇ, ಗಂಗಮ್ಮ ಒಳಕ್ ಬಂದ್ರೆ ಒಳ್ಳೇ ಶಕುನ ಅಂತ" ಎಂದು ಏಳನೇ ಕೊಡ ಸುರಿದೆ. ಕೆಂಪು ನೀರು ಕಿಂಡಿಯಿಂದ ಗುಳುಗುಳು ಅನ್ನುತ್ತಾ ವಾಪಸ್ಸು ಬಂತು. ಎಂಟನೇ ಕೊಡಕ್ಕೆ ಹೊಸ್ತಿಲು ದಾಟಿ ಸಾಹುಕಾರನ ಬಿಳಿ ಪಂಚೆಯ ಅಂಚಿಗೆ ಹತ್ತಿತು. ಅವನು ಹಿಂದಕ್ಕೆ ಹಾರಿದ. ಕಾಲು ಜಾರಿ, ಗೋಡೆ ಹಿಡಿದುಕೊಂಡ. ನೀರು ಸಿಡಿದು ನೆನೆದಿದ್ದ ಗೋಡೆಯ ಸುಣ್ಣದ ಮೇಲೆ ಅವನ ಐದು ಬೆರಳೂ ಮೂಡಿದವು.

ಜವಳಿ ಅಂಗಡಿಯವರು ಸಂಚಕಾರದ ದುಡ್ಡನ್ನು ಕೈಚೀಲಕ್ಕೆ ವಾಪಸ್ಸು ಹಾಕಿಕೊಂಡು ಹೊರಟೇಹೋದರು. ನಾನು ಅಲ್ಲೇ ನಿಂತು, ಒಂಬತ್ತನೇ ಕೊಡವನ್ನೂ ಹತ್ತನೇ ಕೊಡವನ್ನೂ ಸುರಿದೆ. ಬೇಕಾಗಿರಲಿಲ್ಲ. ಸುಖವಾಗಿತ್ತು.

ಆಮೇಲೆ ಇದೇ ನನ್ನ ವ್ರತವಾಯಿತು. ಸಾಹುಕಾರ ಎಲ್ಲಿ ಮನೆ ಮಾರಲು ಹೋದರೂ ಕೊಳ್ಳುವವರ ಹಿಂದೆ ನಾನಿರುತ್ತಿದ್ದೆ. ತುಮಕೂರಿನಲ್ಲೇ ಊರ್ಡಿಗೆರೆಯ ರೈತರೊಬ್ಬರು ಮಕ್ಕಳ ಓದಿಗೆಂದು ಮನೆ ಹಿಡಿಯಲು ಬಂದಾಗ, ಮಂಡಿಗೆ ಬೀಗ ಹಾಕಿಕೊಂಡು ಅವರ ಜೊತೆ ಹೋದೆ. ಆ ದಿನ ನನಗೆ ಎರಡು ಗಾಡಿ ಕಾಯಿಯ ವ್ಯಾಪಾರ ತಪ್ಪಿತು. ತಪ್ಪಲಿ ಅನ್ನಿಸಿತು. ಕೊನೆಕೊನೆಗೆ ನಾನು ಹೋಗಬೇಕಾಗಿಯೂ ಇರಲಿಲ್ಲ. ಸಾಹುಕಾರನ ಮನೆ ಅಂದ ಕೂಡಲೇ ಜನ, "ಮೊದ್ಲು ಹತ್ತು ಕೊಡ ನೀರು" ಅನ್ನತೊಡಗಿದರು. ಅವನ ಮನೆಗಳಿಗೆ ಬೀಗ ಬಿದ್ದವು. ಹೊಸ ಸುಣ್ಣ ಹಳೇ ಸುಣ್ಣವಾಯಿತು.

ಅವನ ಕಡೆಯಿಂದ ದಲ್ಲಾಳಿಗಳು ಬರಲು ಶುರುಮಾಡಿದರು. ಮೂರಡಿ ಜಾಗಕ್ಕೆ ಮೊದಲು ಹೇಳಿದ್ದರಲ್ಲಿ ಅರ್ಧ ಕೊಡಿ ಅಂದರು. ಆಮೇಲೆ ಕಾಲು ಅಂದರು. ಕೊಬ್ಬಿದ ವ್ಯಾಪಾರಿಯ ಬೆಲೆ ಇಳಿಯುವುದನ್ನು ಕೇಳುವುದರಲ್ಲಿ ಒಂದು ಸಂಗೀತವಿದೆ. ನಾನು ಎಲ್ಲರಿಗೂ ಹೇಳಿದ್ದು ಒಂದೇ: "ಪುಕ್ಕಟೆ. ರಿಜಿಸ್ಟರ್ ಖರ್ಚೂ ಅವನದ್ದೇ."

ಆರನೇ ವರ್ಷ ಒಂದು ಮಧ್ಯಾಹ್ನ ಅವನೇ ಬಂದ. ಗೃಹಪ್ರವೇಶದ ಊಟದ ನಂತರ ಅವನು ನನ್ನ ಹೊಸ್ತಿಲು ತುಳಿದದ್ದು ಅದೇ ಮೊದಲು. ಇಳಿದುಹೋಗಿದ್ದ. ನಡುಮನೆಯ ಚಾಪೆಯ ಮೇಲೆ ಕೂರಿಸಿದೆ.

"ಕುಣಿಗಲ್ ಮನೆಗೆ ಗಿರಾಕಿ ಬಂದವ್ರೆ. ರಿಟೈರ್ ಆದ ಹೆಡ್ಮಾಸ್ಟರ್ರು, ಪರಊರಿನವ್ರು. ಬರೋ ಸೋಮವಾರ ಸಂಚಕಾರ" ಅಂದ. ಮೊದಲೆಲ್ಲ ನನಗೆ 'ಏನಪ್ಪಾ' ಅನ್ನುತ್ತಿದ್ದವನು ಈಗ, "ಯಜಮಾನ್ರೇ, ಈ ಮನೇನೂ ಕೆಡಿಸ್ಬೇಡಿ. ಹಾಕಿದ್ ಬಂಡವಾಳೆಲ್ಲಾ ಗೋಡೆಯಾಗೇ ಕೂತೈತೆ" ಅಂದ.

ಅಷ್ಟರಲ್ಲಿ ನನ್ನಾಕೆ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಅಡುಗೆಮನೆಯಿಂದ ಬಂದಳು. ಬೇರೆ ನೆಂಟರು ಕೂತಿದ್ದರೆ ಕಾಯುತ್ತಿದ್ದವಳು ಅವತ್ತು ಕಾಯಲಿಲ್ಲ. ಸಾಹುಕಾರ ಕಾಲು ಮಡಚಿಕೊಂಡು ದಾರಿ ಬಿಡಬೇಕಾಯಿತು. ಮುಸುರೆ ನೀರು ಎರಡು ಹನಿ ಅವನ ಪಾದದ ಹತ್ತಿರ ಚೆಲ್ಲಿತು. ಅವಳು ಹೊರಗೆ ಹೋಗಿ ಸುರಿದು, ಖಾಲಿ ಕೊಡ ಹಿಡಿದು ಮತ್ತೆ ನಮ್ಮ ನಡುವೆಯೇ ದಾಟಿದಳು. ಇನ್ನೊಂದು ಸಲ ತುಂಬಿಕೊಂಡು ಬಂದಳು. ಸಾಹುಕಾರ ಇನ್ನೊಂದು ಸಲ ಕಾಲು ಮಡಚಿದ.

ಮೂರನೇ ಸಲಕ್ಕೆ ಅವನೇ, "ಪುಕ್ಕಟೆ ಬರ್ಕೊಡ್ತೀನಿ" ಅಂದ. "ನೀವು ಕುಣಿಗಲ್ಗೆ ಬರಬಾರ್ದು. ಆ ಹೆಡ್ಮಾಸ್ಟರ್ ಹತ್ರ ಬಾಯಿ ಬಿಡಬಾರ್ದು. ಮಾತ್ ಕೊಡಿ."

ಮಂಡಿಯಲ್ಲಿ ಬದುಕುವವನಿಗೆ ಬಾಯಿಮಾತೇ ಬಂಡವಾಳ. ಒಮ್ಮೆ ಕೈಮೇಲೆ ಕೈ ಹಾಕಿದರೆ ಕಾಯಿಯ ಬೆಲೆ ಎರಡರಷ್ಟಾದರೂ ಹಿಂದೆ ಸರಿಯುವ ಹಾಗಿಲ್ಲ. ಸರಿದವನಿಗೆ ಮಾರನೇ ದಿನ ಯಾರೂ ಕಾಯಿ ಇಳಿಸುವುದಿಲ್ಲ. ಯೋಚನೆ ಮಾಡಿ ಕೇಳಿದೆ: "ಆ ಮನೆ ಬಚ್ಚಲು ಸರಿ ಐತಾ?"

"ಅದೆಲ್ಲ ನಿಮಗ್ಯಾಕೆ?"

ಅಂದರೆ ಸರಿ ಇಲ್ಲ. ಗೊತ್ತಿದ್ದೂ ಕೈ ಚಾಚಿದೆ. ಗೆದ್ದೆನಲ್ಲ ಎಂಬ ಅಮಲು. ಹೆಡ್ಮಾಸ್ಟರರು ಯಾರೋ, ಎಲ್ಲಿಯವರೋ, ಅವರ ಹಣೆಬರಹ ಅಂದುಕೊಂಡೆ.

ಗುರುವಾರ ಪತ್ರ ರಿಜಿಸ್ಟರ್ ಆಯಿತು. ಚಕ್ಕುಬಂದಿಯನ್ನು ಮೂರು ಸಲ ಓದಿಸಿದೆ, ಪತ್ರ ಬರೆಯುವವರಿಗೆ ಬೇಜಾರಾಗುವ ತನಕ. ಶುಕ್ರವಾರ ಇಬ್ಬರು ಆಳು ಬಂದು ಗೋಡೆಯಾಚೆಯ ಮಣ್ಣು ತೆಗೆದು, ಕಲ್ಲಿನ ಕಾಲುವೆ ಕೂರಿಸಿದರು. ನನ್ನಾಕೆ ಒಂದು ಹಂಡೆ ನೀರು ಪೂರ್ತಿ ಬಗ್ಗಿಸಿದಳು. ಗಲ್ಲಿಯಿಂದ ಚರಂಡಿ ಬಳಿಯುವ ಹೆಂಗಸು, "ಬಂತು ಕಣವ್ವಾ, ಬಂತು!" ಎಂದು ಕೂಗಿಕೊಂಡಳು.

ನನ್ನಾಕೆ ಕುಣಿದಾಳು ಅಂದುಕೊಂಡಿದ್ದೆ. ಅವಳು ಖಾಲಿ ಬಚ್ಚಲನ್ನು ನೋಡುತ್ತಾ ನಿಂತಿದ್ದಳು. ಆಮೇಲೆ ಕೇಳಿದಳು:

"ಕುಣಿಗಲ್ ಮನೆಗೆ ಎಷ್ಟಡಿ ಹಿಡ್ಕೊಂಡವ್ನೆ?"

"ಅಲ್ಲೂ ಮೂರೇ ಇರ್ಬೇಕು. ನಮಗ್ಯಾಕೆ ಬುಡು. ನಾನ್ ಮಾತ್ ಕೊಟ್ಟಿದೀನಿ ಕಣೇ."

"ನೀವ್ ಕೊಟ್ರಿ. ನನ್ನೇನ್ ಯಾರಾದ್ರೂ ಕೇಳಿದ್ರಾ?"

"ನಮ್ ಸೇಡು ತೀರ್ತಲ್ಲೇ."

"ನಿಮ್ದು ತೀರ್ತು" ಅಂದಳು. "ಆರು ವರ್ಷ ಗುಬ್ಬಿ, ಅಲ್ಲಿ ಇಲ್ಲಿ ಅಂತ ಮಜವಾಗಿ ತಿರುಗಿದ್ರಿ. ಬಂದ್ ಕತೆ ಹೇಳಿದ್ರಿ, ನಕ್ಕಿದ್ರಿ. ನಾನು ಇಲ್ಲೇ ಇದ್ದೆ. ಆ ಹೆಡ್ಮಾಸ್ಟರ್ ಹೆಂಡ್ತಿ ಈಗ ಹೊರೋಕ್ ಶುರು ಮಾಡ್ತಾಳೆ. ಅದೂ ವಯಸ್ಸಾದ್‌ಮೇಲೆ. ನನ್ ಸೇಡು ನಾನ್ ತೀರಿಸ್ಕೊತೀನಿ. ಬಸ್ಸು ಎಷ್ಟ್ ಹೊತ್ತಿಗೆ ಅಂತ ಹೇಳಿ ಸಾಕು."

ಸೋಮವಾರ ಹೆಬ್ಬೂರಿನ ಮೇಲೆ ಹೋಗುವ ಮೊದಲನೇ ಬಸ್ಸಿಗೆ ಇಬ್ಬರೂ ಹೊರಟೆವು. ಅವಳನ್ನು ಒಬ್ಬಳನ್ನೇ ಕಳಿಸಲು ಧೈರ್ಯ ಬರಲಿಲ್ಲ. ಕುಣಿಗಲ್ಲಿಗೆ ಬರಬಾರದು ಎಂದು ಮಾತಾಗಿದ್ದರಿಂದ ಊರ ಹೊರಗೆ, ದೊಡ್ಡ ಕೆರೆಯ ಕಡೆ ಇಳಿದು ಏರಿಯ ಮೇಲೆ ಕೂತೆ. ಅವಳು ಕೈಚೀಲದಲ್ಲಿ ಒಂದು ಪೊಟ್ಟಣ ಕೆಮ್ಮಣ್ಣು ಇಟ್ಟುಕೊಂಡು, ದಾರಿ ಕೇಳಿಕೊಂಡು ಒಬ್ಬಳೇ ಊರೊಳಗೆ ನಡೆದಳು. ಮದುವೆಯಾದ ಮೇಲೆ ಅವಳು ನನ್ನನ್ನು ಬಿಟ್ಟು ಗೊತ್ತಿಲ್ಲದ ಮನೆಯ ಬಾಗಿಲು ತಟ್ಟಿದ್ದು ಅದೇ ಮೊದಲು.

ಮುಂದಿನದನ್ನು ನನಗೆ ಹೇಳಿದವರು ಆ ಹೆಡ್ಮಾಸ್ಟರರ ಹೆಂಡತಿ, ಬಹಳ ದಿನಗಳ ಮೇಲೆ. ಗಂಡಸರು ಪಡಸಾಲೆಯಲ್ಲಿ ಕೂತು ಪಂಚಾಂಗ ನೋಡುತ್ತಿದ್ದರಂತೆ. ಇವಳು ಹಿಂದಿನ ಬಾಗಿಲಿಂದ ಹೋಗಿ, "ತಾಯಿ, ನಾನೂ ಇವ್ರ ಹತ್ರ ಒಂದ್ ಮನೆ ತಗೊಂಡೋಳು. ಹತ್ತು ಕೊಡ ನೀರು ಸೇದೋಣ ಬನ್ನಿ. ಬಂದಷ್ಟು ಬರ್ಲಿ" ಅಂದಳಂತೆ. ಆ ಅಮ್ಮ ಇವಳ ಮುಖ ನೋಡಿ, ಏನೂ ಕೇಳದೆ, ಸೆರಗು ಸಿಕ್ಕಿಸಿಕೊಂಡು ಹಗ್ಗ ಹಿಡಿದರಂತೆ. ಇಬ್ಬರೂ ಸೇರಿ ಸುರಿದರು. ಆರನೇ ಕೊಡಕ್ಕೆ ಕೆಂಪು ನೀರು ವಾಪಸ್ಸು ಬಂತು. ಹತ್ತನೇ ಕೊಡದ ಹೊತ್ತಿಗೆ ಪಡಸಾಲೆಯಲ್ಲಿ ಪಂಚಾಂಗದ ಅಡಿಗೆ ನೀರು ಹೋಗಿತ್ತು.

ಸಾಹುಕಾರ ಎದ್ದು ಒಳಗೆ ಬಂದು ಇವಳನ್ನು ನೋಡಿದ. "ಏನಮ್ಮಾ, ನಿನ್ ಗಂಡ ಮಾತ್ ಕೊಟ್ಟಿರ್ಲಿಲ್ವಾ?"

"ಕೊಟ್ಟವ್ರೆ. ಅದುಕ್ಕೇ ಅವ್ರು ಬಂದಿಲ್ಲ."

"ಹೆಂಗಸ್ರಿಗೆ ಮನೆ ಯಾಪಾರ್ದಾಗೆ ಏನ್ ಕೆಲ್ಸ?"

"ಪಡಸಾಲೆ ನಿಮ್ದು ಸಾಹುಕಾರ್ರೇ. ಬಚ್ಚಲು ನಮ್ದು" ಅಂದಳಂತೆ ನನ್ನಾಕೆ. ಕೊಡವನ್ನು ಅವನ ಮುಂದೆ ಇಟ್ಟು, "ನೀರ್ ನಿಂತೈತೆ. ಹೊರಕ್ ಹಾಕ್ಬುಡಿ. ನಿಮ್ ಮನೇಲಿ ಹೆಂಗ್ ಹಾಕೋದು ಅಂತ ನಂಗ್ ಗೊತ್ತು, ತೋರಿಸ್ತೀನಿ" ಅಂದಳಂತೆ.

ಅವನು ಹೆಡ್ಮಾಸ್ಟರರ ಕಡೆ ನೋಡಿದ. ಅವರು ಸಂಚಕಾರದ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಹಾಜರಿ ಕರೆಯುವ ದನಿಯಲ್ಲಿ, "ನಡೀರಿ, ಆಕೆ ಹೇಳಿದ್ದು ಮಾಡಿ. ಆಮೇಲೆ ಮಾತು" ಅಂದರು. ಗಂಟು ಇನ್ನೂ ಮಡಿಲಲ್ಲೇ ಇತ್ತು. ಸಾಹುಕಾರನಿಗೆ ಆಸೆ. ಪಂಚೆ ಎತ್ತಿ ಕಟ್ಟಿದ. ಚೊಂಬಿನಲ್ಲಿ ಬಗೆದ. ಸೊಂಟಕ್ಕೆ ಕೊಡ ಏರಿಸಲು ಬರದೆ, ಅರ್ಧ ತುಂಬಿದ ಕೊಡವನ್ನೇ ಎರಡು ಕೈಯಲ್ಲೂ ಎದೆಗೆ ಅಪ್ಪಿಕೊಂಡು, ನಡುಮನೆ ದಾಟಿ, ಪಡಸಾಲೆ ದಾಟಿ, ಬೀದಿಯ ಚರಂಡಿಗೆ ಸುರಿದ. ಎದುರುಮನೆಯ ಹೆಂಗಸರೆಲ್ಲ ಜಗಲಿಗೆ ಬಂದು ನಿಂತರು. ವಿಭೂತಿ ಬೆವರಿನಲ್ಲಿ ಇಳಿಯಿತು. ಅವನು ಪ್ರತಿ ಸಲ ಒಳಗೆ ಬಂದಾಗಲೂ ನನ್ನಾಕೆ, "ಇನ್ನೂ ಐತೆ" ಅನ್ನುತ್ತಿದ್ದಳಂತೆ. ಬೇರೇನೂ ಅನ್ನಲಿಲ್ಲವಂತೆ.

ಎಲ್ಲ ಆದ ಮೇಲೆ ಹೆಡ್ಮಾಸ್ಟರರು ಸಂಚಕಾರ ಕೊಡದೆ ಎದ್ದರು. ಹಿಂದಿನ ಮೂರಡಿಯನ್ನೂ ಸೇರಿಸಿ, ಕಾಲುವೆ ಕಟ್ಟಿಸಿ, ಒಂದು ಮಳೆಗಾಲ ಕಳೆದ ಮೇಲೆ ಬಂದು ಕೇಳಿ ಅಂದರು. ಹಾಗೆಯೇ ಆಯಿತು. ಬೆಲೆ ಮಾತಾಡಲು ಆಮೇಲೆ ನನ್ನನ್ನು ಕರೆದರು. ಮಾತು ಕೊಟ್ಟಿದ್ದೇನೆ ಅಂದೆ. ನನ್ನಾಕೆ ಹೋಗಿ ಬಂದಳು. ನಾನು ಮಾತಾಡಿದ್ದರೆ ಅಷ್ಟು ಇಳಿಸುತ್ತಿರಲಿಲ್ಲ. ಅದಕ್ಕೇ ಹೇಳುವುದು, ಮನೆ ನೋಡಲು ಹೋಗುವಾಗ ಹೆಂಡತಿಯನ್ನು ಕರೆದುಕೊಂಡು ಹೋಗಿ. ಬಾಗಿಲಲ್ಲಿ ನಿಲ್ಲಿಸಬೇಡಿ, ಮುಂದೆ ಬಿಡಿ.

ಆ ಸೋಮವಾರ ಬಿಸಿಲು ಏರಿದ ಮೇಲೆ ಅವಳು ಕೆರೆ ಏರಿಗೆ ವಾಪಸ್ಸು ಬಂದಳು. ಸೀರೆಯ ಅಂಚು ಕೆಮ್ಮಣ್ಣಿನಲ್ಲಿ ನೆನೆದಿತ್ತು. ಕೈಯಲ್ಲಿ ಒಂದು ಪೊಟ್ಟಣ ಹುರಿದ ಕಡಲೆಕಾಯಿ.

"ಏನಾಯ್ತೇ?"

"ಹನ್ನೊಂದು ಕೊಡ ಹೊತ್ತ" ಅಂದಳು. "ಎಣಿಸ್ದೆ."

ತುಮಕೂರಿನ ಬಸ್ಸನ್ನು ಏರಿಯ ಮೇಲೇ ಕೈ ಅಡ್ಡ ಹಾಕಿ ನಿಲ್ಲಿಸಿ ಹತ್ತಿದೆವು. ಹತ್ತಿ ನೋಡಿದರೆ ನಮ್ಮ ಮುಂದಿನ ಸೀಟಿನಲ್ಲೇ ಸಾಹುಕಾರ ಕೂತಿದ್ದ. ಪಂಚೆ ಮೊಣಕಾಲ ತನಕ ಕೆಂಪು, ಕೊಡ ಅಪ್ಪಿಕೊಂಡ ಕಡೆ ಅಂಗಿಯೆಲ್ಲ ಒದ್ದೆ. ಆರು ವರ್ಷದಿಂದ ಕೂಡಿಟ್ಟಿದ್ದ ಮಾತುಗಳು ನನ್ನ ನಾಲಿಗೆಯ ತುದಿಗೆ ಬಂದವು. ಬಾಯಿ ತೆರೆದೆ. ನನ್ನಾಕೆ ಮೊಣಕೈಯಿಂದ ತಿವಿದಳು.

"ಸುಮ್ನಿರಿ. ಮಾತ್ ಕೊಟ್ಟಿದೀರಿ."

ಬಾಯಿ ಮುಚ್ಚಿಕೊಂಡೆ. ಹೆಬ್ಬೂರಿನ ಹತ್ತಿರ ಸಾಹುಕಾರ ಒಂದು ಸಲ ಹಿಂತಿರುಗಿ ನೋಡಿದ. ಅವಳು ಅವನನ್ನೇ ನೋಡುತ್ತಾ ಕಡಲೆಕಾಯಿ ಸಿಪ್ಪೆಯನ್ನು ಕಿಟಕಿಯಾಚೆ ಎಸೆದು, ಇನ್ನೊಂದನ್ನು ಬಿಡಿಸಿದಳು.